ಸಂಕವ್ವನ ಹಿತ್ತಲಿನ ಆಲೂಗಡ್ಡೆ

ಬಹಳ ಹಿಂದೆ, ನೀಲಿ ಬೆಟ್ಟಗಳ ಆಚೆ, ಹೊಂಗೆನಾಡು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಕರ್ಕಶನೆಂಬ ಮಾಂತ್ರಿಕನ ಕಾಟ. ಅವನು ಸಿಟ್ಟಿನಿಂದ ನೋಡಿದ್ದೆಲ್ಲ ಕಲ್ಲಾಗುತ್ತಿತ್ತು. ಗದ್ದೆಯ ತೆನೆ ಕಲ್ಲಾಯಿತು, ಮರದ ಹಣ್ಣು ಕಲ್ಲಾಯಿತು. ಅವನು ಎದುರಾದರೆ ರಾಜನೂ ತಲೆ ತಗ್ಗಿಸುತ್ತಿದ್ದ. ಅವನ ನೋಟಕ್ಕೆ ಎದುರು ನೋಟ ಕೊಟ್ಟವರೇ ಇರಲಿಲ್ಲ.

ಕೋಟೆಯ ಹೊರಗೆ ಸಂಕವ್ವ ಎಂಬ ಯುವತಿ ತಂದೆ ಮಾದಣ್ಣನ ಜೊತೆ ಇದ್ದಳು. ಮನೆಯಲ್ಲಿ ಉಳಿದದ್ದು ಒಂದು ಬುಟ್ಟಿ ಆಲೂಗಡ್ಡೆ. ಅದೂ ಮೊಳಕೆ ಬಿಟ್ಟಿತ್ತು.

"ಅಪ್ಪಾ, ಇದನ್ನು ಹಿತ್ತಲಲ್ಲಿ ನೆಡುತ್ತೇನೆ. ಮಣ್ಣೊಳಗೆ ಬೆಳೆಯುವುದನ್ನು ಅವನು ಹೇಗೆ ನೋಡಿಯಾನು?"

"ನಾವು ತಿನ್ನುವುದೇನು ಮಗಳೇ?"

"ತಿಂದರೆ ಇವತ್ತಿಗೇ ಮುಗಿಯಿತು. ನೆಟ್ಟರೆ ಕೇರಿಗೆಲ್ಲ ಆಗುತ್ತದೆ."

ಒಂದೊಂದು ಹೋಳಿಗೂ ಮೊಳಕೆಯೊಡೆಯುವ ಕಣ್ಣೊಂದು ಬರುವಂತೆ ಗಡ್ಡೆಗಳನ್ನು ಕತ್ತರಿಸಿ, ಬೂದಿ ಸವರಿ, ಗೊಬ್ಬರ ಹಾಕಿ ನೆಟ್ಟಳು. ಹಿತ್ತಲು ಹಸಿರಾಯಿತು. ಸುದ್ದಿ ಮಾಂತ್ರಿಕನಿಗೆ ಮುಟ್ಟಿತು.

ಅವನು ಮೊದಲು ಬೆಂಕಿಹಕ್ಕಿಯನ್ನು ಕಳಿಸಿದ. ಅದು ಎಲೆಗಳನ್ನೆಲ್ಲ ಸುಟ್ಟು ಹಾರಿಹೋಯಿತು. ಸಂಕವ್ವ ಅಳಲಿಲ್ಲ. ಬುಡಕ್ಕೆ ಮಣ್ಣೇರಿಸಿ ನೀರು ಹಾಕಿದಳು. ಕುಡಿಗಳು ಮಣ್ಣು ಸೀಳಿಕೊಂಡು ಮತ್ತೆ ಬಂದವು.

ಆಮೇಲೆ ಕಬ್ಬಿಣದ ಮೂತಿಯ ಹಂದಿಯನ್ನು ಕಳಿಸಿದ. ಸಂಕವ್ವ ಗುದ್ದಲಿ ಹಿಡಿದು ಅಡ್ಡ ನಿಂತಳು. ಹಂದಿಯ ಪಕ್ಕೆಲುಬು ಎದ್ದು ಕಾಣುತ್ತಿತ್ತು.

"ಉಂಡು ಎಷ್ಟು ದಿನವಾಯಿತೋ?" ಎಂದಳು.

"ಹಾಳು ಮಾಡು ಅಂತಾರೆ. ಉಣ್ಣು ಅಂತ ಯಾರೂ ಅಂದಿಲ್ಲ," ಎಂದಿತು ಹಂದಿ.

ಎಳೆಯ ಗಡ್ಡೆಯೊಂದನ್ನು ಕೆಂಡದಲ್ಲಿ ಸುಟ್ಟು ಕೊಟ್ಟಳು. ತಿನ್ನುತ್ತಲೇ ಕಬ್ಬಿಣದ ಮೂತಿ ಕಳಚಿ ಬಿತ್ತು. ಹಂದಿ ಅವಳಿಗೆ ತಲೆಬಾಗಿ ಕಾಡಿಗೆ ಹೋಯಿತು.

ಕೊನೆಗೆ ಮಾಂತ್ರಿಕನೇ ಬಂದ. ಕೇರಿಯವರೆಲ್ಲ ತಲೆ ತಗ್ಗಿಸಿದರು. ಅವನು ಕಣ್ಣು ಹಾಯಿಸಿದ್ದೇ ಗಿಡಗಳೆಲ್ಲ ಕಲ್ಲಾದವು.

"ಮುಗಿಯಿತು ನಿನ್ನ ತೋಟ!"

"ಮುಗಿದಿಲ್ಲ," ಎಂದಳು ಸಂಕವ್ವ, ಬೆನ್ನು ನೆಟ್ಟಗೆ ಮಾಡಿ. "ನನ್ನ ಬೆಳೆ ಕೆಳಗಿದೆ. ಧೈರ್ಯವಿದ್ದರೆ ಕಿತ್ತು ನೋಡು."

ಮಾಂತ್ರಿಕ ಮಣ್ಣಿಗೆ ಕೈ ಹಾಕಿ ದೊಡ್ಡದೊಂದು ಗಡ್ಡೆ ಕಿತ್ತ. ಮುಖದ ಹತ್ತಿರ ಹಿಡಿದು ಸಿಟ್ಟಿನಿಂದ ನೋಡಿದ. ಗಡ್ಡೆಯ ಮೈತುಂಬ ಕಣ್ಣು! ಆ ಕಣ್ಣುಗಳೆಲ್ಲ ರೆಪ್ಪೆ ಬಡಿಯದೆ ಅವನನ್ನೇ ನೋಡಿದವು. ಅವನ ನೋಟ ಅವನಿಗೇ ತಿರುಗಿತು. ಕಾಲು ಕಲ್ಲಾಯಿತು, ಎದೆ ಕಲ್ಲಾಯಿತು, ಕೂಗಲು ತೆರೆದ ಬಾಯಿಯೂ ಕಲ್ಲಾಯಿತು. ಅದೇ ಗಳಿಗೆ ನಾಡಿನ ತೆನೆಗಳು ಮೆತ್ತಗಾಗಿ ಗಾಳಿಗೆ ತೂಗಿದವು.

ರಾಜ ನಡೆದುಕೊಂಡೇ ಬಂದ. "ತಾಯಿ, ಅರಮನೆಗೆ ಬಾ. ಏನು ಬೇಕೋ ಕೇಳು," ಎಂದ.

"ಅರಮನೆ ಬೇಡ ಮಹಾಪ್ರಭು, ನಿಮ್ಮ ಹೂದೋಟ ಕೊಡಿ. ನಾಡಿಗೆಲ್ಲ ಬಿತ್ತನೆಗಡ್ಡೆ ಬೆಳೆಯಬೇಕು. ಮೊದಲ ಸಾಲು ನೀವೇ ಅಗೆಯಿರಿ."

ರಾಜ ನಗುತ್ತ ಗುದ್ದಲಿ ಹಿಡಿದ.

ಅಂದಿನಿಂದ ಹೊಂಗೆನಾಡಿನ ಮನೆಮನೆಯ ಹಿತ್ತಲಲ್ಲೂ ಆಲೂಗಡ್ಡೆ ಬೆಳೆಯಿತು, ಎಲ್ಲರೂ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಮಾದಣ್ಣ ಮಾತ್ರ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ದಾರಿಹೋಕರನ್ನು ಕರೆದು ಕರೆದು ಕೂರಿಸಿ, ಬಿಸಿ ಗಡ್ಡೆ ಕೈಗಿಟ್ಟು ಹೇಳುತ್ತಿದ್ದ: "ತಿಂದು ನೋಡಪ್ಪಾ. ನನ್ನ ಮಗಳು ಬೆಳೆದದ್ದು!"