ಕೆಂಪು ದೀಪವಿಲ್ಲದ ಕತ್ತಲೆಕೋಣೆ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಜಲಜಾಕ್ಷಿ ಎರಡು ಲೋಟ ಕಾಫಿ ಬೆರೆಸಿದಳು. ಎರಡನೆಯದನ್ನು ಏನು ಮಾಡಬೇಕೆಂದು ತೋಚದೆ ನಿಂತಿದ್ದಾಗ, ಅವಳು ಹೇಳಿಕಳಿಸಿದ್ದ ಯಜ್ಞನಾರಾಯಣರು ಬಂದರು. ಸಾಗರದಲ್ಲಿ ಕಳವೋ ಮೋಸವೋ ಆದರೆ ಪೊಲೀಸರಿಗಿಂತ ಮೊದಲು ಜನ ಹುಡುಕುತ್ತಿದ್ದುದು ಈ ನಿವೃತ್ತ ಶಿರಸ್ತೇದಾರರನ್ನು.

ಅವಳು ಚುಟುಕಾಗಿ ಹೇಳಿದಳು. ಫೋಟೊ ಪ್ಲೇಟಿಗೆ ಬಳಿಯುವ ಎಮಲ್ಷನ್ ಎಂದರೆ ಜೆಲಾಟಿನ್‌ನಲ್ಲಿ ಕದಡಿದ ಬೆಳ್ಳಿಯ ಬ್ರೋಮೈಡು. ಅದಕ್ಕೆ ಕೆಂಪು ಬಣ್ಣ ಕಾಣಿಸದು. ಅವಳ ಗಂಡ ಸುಂದರೇಶ ಒಂದು ಕಾಡೆಲೆಯ ರಸ ಸೇರಿಸಿ ಅದಕ್ಕೆ ಕೆಂಪೂ ಕಾಣುವಂತೆ ಮಾಡಿದ್ದ, ಪೇಟೆಂಟಿಗೆ ಅರ್ಜಿ ಹಾಕಿದ್ದ. ಈಗ ತೀರ್ಥಹಳ್ಳಿಯ ಸ್ಟುಡಿಯೊದ ಭೂತಪ್ಪ ತಕರಾರು ತೆಗೆದಿದ್ದ: ಇದನ್ನು ತಾನು ಮೊದಲೇ ಇಬ್ಬರ ಎದುರು ಮಾಡಿ ತೋರಿಸಿದ್ದೇನೆ, ಜನ ಮೊದಲೇ ಕಂಡದ್ದು ಹೊಸದಲ್ಲ, ಅದಕ್ಕೆ ಪೇಟೆಂಟು ಸಲ್ಲದು.

"ಎಲೆ ಯಾವ್ದು ಅಂತ ಅವನಿಗೆ ಹೇಗೆ ಗೊತ್ತಾಯ್ತು ತಂಗಿ?"

"ಇವರೇ ಹೇಳಿದ್ದು. ಜ್ವರದಲ್ಲಿ ಮಲಗಿದ್ದಾಗ ಭೂತಪ್ಪ ನೋಡೋಕೆ ಬಂದಿದ್ರು. ಕಸುಬಿನವರು ಕೇಳಿದ್ರೆ ಇವರು ಮುಚ್ಚಿಡ್ತಿರ್ಲಿಲ್ಲ."

ಅವಳು ಬಿ.ಎಸ್ಸಿ. ಓದಿದವಳು, ಪ್ಲೇಟು ತಾನೇ ಮಾಡಬಲ್ಲಳು. ಆದರೆ ಅದು ಸುಂದರೇಶನದಲ್ಲ ಎಂದು ತೀರ್ಮಾನವಾದರೆ ಅವನದೆನ್ನುವಂಥದ್ದು ಏನೂ ಉಳಿಯುತ್ತಿರಲಿಲ್ಲ.

ಸುಂದರೇಶನ ಸ್ಟುಡಿಯೊದ ಕತ್ತಲೆಕೋಣೆಯಲ್ಲಿ ಕೆಂಪು ದೀಪದ ಹೋಲ್ಡರು ಖಾಲಿಯಿತ್ತು. ಮೇಜಿನ ಮೇಲೆ ಒಂದು ಅಲಾರಂ ಗಡಿಯಾರ, ಅದಕ್ಕೆ ಗಾಜಿರಲಿಲ್ಲ.

"ಗಾಜು ಒಡೀತಾ?"

"ಇಲ್ಲ, ಇವರೇ ತೆಗೆದಿಟ್ಟಿದ್ದು. ಗಡಿಯಾರ ಪಕ್ಕದ ಮನೆ ಹಾಲಮ್ಮನೋರದು, ಎರವಲು."

ಯಜ್ಞನಾರಾಯಣರು ಕಣ್ಣು ಮುಚ್ಚಿ ಮುಳ್ಳುಗಳನ್ನು ಬೆರಳಿನಿಂದ ಸವರಿದರು. "ಭಾರೀ ಮನುಷ್ಯ ನಿನ್ನ ಯಜಮಾನ," ಎಂದಷ್ಟೇ ಅಂದರು.

ಭಾನುವಾರ ಅದೇ ಸ್ಟುಡಿಯೊದಲ್ಲಿ ಯಜ್ಞನಾರಾಯಣರು ಕರೆಸಿದ್ದ ಭೂತಪ್ಪನೂ ಹೊಸನಗರದ ಅವನ ಇಬ್ಬರು ಸಾಕ್ಷಿಗಳೂ ಕೂತಿದ್ದರು. ಎಮಲ್ಷನ್ ಕಾಯಿಸಿದ್ದು, ಬಳಿದದ್ದು, ತೊಳೆದದ್ದು ಎಲ್ಲವನ್ನೂ ಭೂತಪ್ಪ ಗತ್ತಿನಿಂದ ವಿವರಿಸಿದ.

"ಇವರಿಬ್ರೂ ಕಣ್ಣಾರೆ ಕಂಡ್ರಾ?"

"ಕಾಣ್ದೆ ಎಂತ? ಕೆಂಪು ದೀಪ ಇತ್ತಲ್ಲ, ಎಲ್ಲಾ ನಿಚ್ಚಳ." ಸಾಕ್ಷಿಗಳು ತಲೆಯಾಡಿಸಿದರು.

ಯಜ್ಞನಾರಾಯಣರು ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಾಕಿಸಿದರು. ಅದರ ಕೆಳಗೆ ಅಂಗಡಿಯಿಂದ ತಂದ ಮಾಮೂಲಿ ಪ್ಲೇಟೊಂದು, ಸುಂದರೇಶನದೊಂದು. ಎರಡರ ಅರ್ಧ ಭಾಗಕ್ಕೂ ಕಪ್ಪು ಕಾಗದ ಮುಚ್ಚಿದ್ದರು. ಆಮೇಲೆ ದೀಪ ಆರಿಸಿ, ಜಲಜಾಕ್ಷಿ ಗಡಿಯಾರದ ಮುಳ್ಳು ಮುಟ್ಟಿ ನೋಡುತ್ತ ಎರಡನ್ನೂ ಡೆವಲಪ್ ಮಾಡಿದಳು. ಬೆಳಕಿಗೆ ತಂದಾಗ ಅಂಗಡಿಯ ಪ್ಲೇಟು ತಿಳಿಯಾಗಿತ್ತು. ಸುಂದರೇಶನದು ಕಾಗದವಿಲ್ಲದ ಕಡೆ ಮಸಿಯಂತೆ ಕಪ್ಪಾಗಿತ್ತು.

"ಕೆಂಪನ್ನ ಕಾಣೋ ಪ್ಲೇಟು ಕೆಂಪು ದೀಪದಲ್ಲೂ ಕೆಡ್ತದೆ ಭೂತಪ್ಪ," ಎಂದರು ಯಜ್ಞನಾರಾಯಣರು. "ಅದಕ್ಕೇ ಸುಂದರೇಶ ದೀಪ ಕಿತ್ತಿಟ್ಟ. ಕತ್ತಲಲ್ಲಿ ಹೊತ್ತು ತಿಳೀಲಿ ಅಂತ ಗಡಿಯಾರದ ಗಾಜು ತೆಗ್ದ. ಎಲೆ ಯಾವ್ದು ಅಂತ ನೀನು ಕೇಳ್ದೆ, ಅವನು ಹೇಳ್ದ. ದೀಪದ ಮಾತು ನೀನು ಕೇಳ್ಲೇ ಇಲ್ಲ. ಒಂದು ಸಲ ಮಾಡಿ ನೋಡಿದ್ರೆ ನಿಂಗೇ ಗೊತ್ತಾಗ್ತಿತ್ತು. ನಿಜವಾಗಿ ಮಾಡಿದ್ರೆ ಈ ಸಾಕ್ಷಿಗಳಿಗೆ ಕತ್ತಲು ಬಿಟ್ಟು ಬೇರೇನೂ ಕಾಣ್ತಿರ್ಲಿಲ್ಲ."

"ನೀನು ಹೇಳು ಅಂದಿದ್ದಕ್ಕೆ ಹೇಳಿದ್ದು ಮಾರಾಯ," ಎಂದು ಒಬ್ಬ ಸಾಕ್ಷಿ ಭೂತಪ್ಪನ ಕಡೆ ನೋಡದೆ ಗೊಣಗಿದ. ತಕರಾರು ಹಿಂದೆಗೆಯಲು ಭೂತಪ್ಪ ಅಲ್ಲೇ ರುಜು ಹಾಕಿದ.

ಗಡಿಯಾರದ ಗಾಜು ಸುಂದರೇಶನ ಕರವಸ್ತ್ರದಲ್ಲಿ ಸುತ್ತಿ ಮೇಜಿನ ಡ್ರಾಯರಿನಲ್ಲಿತ್ತು. ಕೂರಿಸುವ ಮೊದಲು ಜಲಜಾಕ್ಷಿ ಕಣ್ಣು ಮುಚ್ಚಿ ಮುಳ್ಳುಗಳನ್ನು ಇನ್ನೊಮ್ಮೆ ಮುಟ್ಟಿದಳು.

"ಇಷ್ಟು ಬೇಗ ಎಂತಕ್ಕೆ ತಂದ್ಯೆ? ಇಟ್ಕೊಳ್ಬಹುದಿತ್ತು," ಎಂದರು ಹಾಲಮ್ಮ.

"ಇದು ನಿಮ್ದು ಹಾಲಮ್ಮ. ಕತ್ತಲೆಕೋಣೆಗೆ ನಂಗೆ ಗಾಜಿಲ್ಲದ್ದೇ ಒಂದು ಬೇಕು, ಪೇಟೇಲಿ ತಗೊಳ್ತೀನಿ," ಎಂದು ಜಲಜಾಕ್ಷಿ ಗಡಿಯಾರವನ್ನು ಅವರ ಕೈಯಲ್ಲಿಟ್ಟಳು.