ನೆಲದ ಮೇಲಿನ ನಿಮಿಷಗಳು

ಮಗಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಪಾಲು ಮಾಡಿ ಬೆರಳಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಎತ್ಬೇಡಮ್ಮಾ, ಸ್ಕೂಲ್ ಬಸ್ ಬಂದ್ಬಿಡತ್ತೆ," ಎಂದಳು ಮಗಳು. ಬಾಯಿಗೆ ಬಿಡುವೇ ಇಲ್ಲದ ಅವಳಿಗೆ ಮನೆಯಲ್ಲಿ ಚಿನಕುರಳಿ ಎಂದೇ ಹೆಸರು.

ತಾಯಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಹಿಡಿದಳು.

"ನಮ್ಮನ್ನ ಎಲ್ರಿಗಿಂತ ಕೊನೇಲಿ ಕೂರಿಸಿದ್ದೀರಲ್ಲ ಮೇಡಂ, ನಾವು ನಿಮಗೇನು ಅನ್ಯಾಯ ಮಾಡಿದ್ವಿ?" ಗಂಡಸಿನ ದನಿ. ಕೋಪವಿತ್ತು. ಕೋಪದ ಅಂಚಿನಲ್ಲಿ ಒಂದು ನಗುವೂ ಇಣುಕುತ್ತಿತ್ತು.

"ಯಾರು ಮಾತಾಡ್ತಿರೋದು?"

"ಕೊನೇಲಿ ಕೂತಿರೋರು."

ಅವಳ ಕೆಲಸವೇ ಅದು. ವಿಮಾನ ಕಂಪನಿಗಳು ಎಷ್ಟು ಅಚ್ಚುಕಟ್ಟಾಗಿ ನಡೆಯುತ್ತವೆ ಎಂದು ಅಳೆದು, ಒಂದರ ಪಕ್ಕ ಒಂದನ್ನು ನಿಲ್ಲಿಸಿ ಹೋಲಿಸುವುದು. ಯಾರ ವಿಮಾನ ದಿನದಲ್ಲಿ ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ, ಒಂದು ಸೀಟನ್ನು ಒಂದು ಕಿಲೋಮೀಟರು ಒಯ್ಯಲು ಯಾರು ಎಷ್ಟು ಇಂಧನ ಸುಡುತ್ತಾರೆ, ಹೇಳಿದ ಹೊತ್ತಿಗೆ ಯಾರು ಹೊರಡುತ್ತಾರೆ. ವರ್ಷಕ್ಕೊಮ್ಮೆ ಅವಳ ಕಚೇರಿ ಈ ಹೋಲಿಕೆಯನ್ನು ಪ್ರಕಟಿಸುತ್ತಿತ್ತು. ಅದಕ್ಕೆ ಮೊದಲು ಕರಡನ್ನು ಎಲ್ಲ ಕಂಪನಿಗಳಿಗೂ ಕಳಿಸಿ, ತಕರಾರಿದ್ದರೆ ತಿಳಿಸಿ ಎನ್ನುತ್ತಿತ್ತು. ಉಳಿದವರು ತಕರಾರನ್ನು ವಕೀಲರಿಂದ ಬರೆಸಿದ್ದರು. ಈತ ಮಾತ್ರ, ಸಣ್ಣ ಊರುಗಳ ನಡುವೆ ಸಣ್ಣ ವಿಮಾನ ಹಾರಿಸುವ ಕಂಪನಿಯ ಆಪರೇಷನ್ಸ್ ಮ್ಯಾನೇಜರ್, ಕರಡಿನ ಕೆಳಗಿದ್ದ ನಂಬರನ್ನು ಸೀದಾ ಒತ್ತಿಬಿಟ್ಟಿದ್ದ.

"ಒಂದ್ಸಲ ಬಂದು ನೋಡಿ. ನೋಡಿದ್ಮೇಲೂ ಕೊನೇಲೇ ಕೂರಿಸಿದ್ರೆ ಬಾಯಿ ಮುಚ್ಕೊಂಡು ಕೂರ್ತೀನಿ."

"ಬಾಯಿ ಮುಚ್ಕೊಳ್ಳೋದು ನಿಮ್ಮ ಕೈಲಾಗತ್ತಾ?"

ಆ ಕಡೆಯಿಂದ ತುಂಬು ನಗು. ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಚಿನಕುರಳಿ ಅಂದು ಒಂದೇ ಜಡೆಯಲ್ಲಿ ಸ್ಕೂಲಿಗೆ ಹೋದಳು.

ಮುಂದಿನ ವಾರ ಹಳದಿ ಜಾಕೆಟ್ಟು ತೊಟ್ಟು ಆತನ ಕಂಪನಿಯ ವಿಮಾನ ನಿಲ್ಲುವ ಅಂಗಳದ ಅಂಚಿನಲ್ಲಿ ನಿಂತಾಗ ಅವಳಿಗೆ ಮೊದಲು ಆಶ್ಚರ್ಯವಾದದ್ದು ಆತನ ಮೌನ. ಫೋನಿನಲ್ಲಿ ಅರಳು ಹುರಿದಂತೆ ಮಾತಾಡಿದವನು ಇಲ್ಲಿ ಅಂಗಿಯ ತೋಳು ಮಡಚಿ, ಕೈ ಹಿಂದೆ ಕಟ್ಟಿ, ಸುಮ್ಮನೆ ನಿಂತಿದ್ದ. ಕಿವಿಯ ಮೇಲೆ ನಾಲ್ಕೆಳೆ ಬೆಳ್ಳಿಗೂದಲು. ರೆಕ್ಕೆಗೆ ಫ್ಯಾನು ಕಟ್ಟಿದ ಪುಟ್ಟ ವಿಮಾನ ಬಂದು ನಿಂತಿತು. ಆತ ಇಂಧನದವನ ಕಡೆ ನೋಡಿದ; ಪೈಪು ಎದ್ದಿತು. ಹುಬ್ಬು ಹಾರಿಸಿದ, ಲಗೇಜಿನ ಹುಡುಗಿ ಗಾಡಿಯನ್ನು ತಿರುಗಿಸಿ ಬಾಗಿಲಿಗೆ ತಂದಳು. ಯಾರೂ ಓಡಲಿಲ್ಲ, ಯಾರೂ ಯಾರಿಗೂ ಅಡ್ಡ ಬರಲಿಲ್ಲ. ಮನೆಯ ಹೆಣ್ಣುಮಕ್ಕಳೆಲ್ಲ ಸೇರಿ ಅಡುಗೆಮನೆಯಲ್ಲಿ ಬಡಿಸಲು ನಿಂತ ಹಾಗಿತ್ತು. ಅವಳ ಸ್ಟಾಪ್‌ವಾಚಿನಲ್ಲಿ ದೊಡ್ಡ ಕಂಪನಿಯವರು ಯಾರೂ ತೋರಿಸದ ವೇಗ ಕಂಡಿತು.

"ಯಾರಿಗೂ ಬೈಯೋದೇ ಇಲ್ವಾ ನೀವು?"

"ಬೈಯೋಕೆ ಪುರುಸೊತ್ತೆಲ್ಲಿದೆ ಮೇಡಂ? ಬೈದ್ರೆ ಒಂದು ನಿಮಿಷ ದಂಡ. ಬೈಸ್ಕೊಂಡೋರು ಮುಖ ಊದಿಸ್ಕೊಂಡ್ರೆ ಇನ್ನೆರಡು."

ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ ಆತನ ವಾಕಿಟಾಕಿ ಗೊರಗುಟ್ಟಿತು. ಬೇರೆ ವಿಮಾನದಿಂದ ಇಳಿದ ಅಜ್ಜಿಯೊಬ್ಬರು ಗಾಲಿಕುರ್ಚಿಯಲ್ಲಿ ಬರುತ್ತಿದ್ದಾರೆ. ಅವರ ಊರಿಗೆ ಇನ್ನೊಂದು ವಿಮಾನವಿರುವುದು ನಾಳೆಗೆ. ಆತ ಒಂದು ಕೈ ಎತ್ತಿದ. ಎಲ್ಲವೂ ನಿಂತಿತು. ಅವಳ ಗಡಿಯಾರ ಮಾತ್ರ ನಿಲ್ಲಲಿಲ್ಲ.

ಅಜ್ಜಿ ಹತ್ತಿ, ವಿಮಾನ ಹಾರಿ, ಸದ್ದು ಅಡಗಿದ ಮೇಲೆ ಅವಳು ಮೆಲ್ಲಗೆ ಹೇಳಿದಳು, "ಇದನ್ನ ತಡ ಅಂತಲೇ ಬರೀಬೇಕಾಗತ್ತೆ."

"ಬರೀರಿ. ತಡ ಆಗಿದ್ದು ನಿಜ ತಾನೇ?"

"ಬೇರೆಯವರು ಟೈಮ್‌ಟೇಬಲ್ಲಿಗೇ ಒಂದಿಷ್ಟು ನಿಮಿಷ ಸೇರಿಸಿಟ್ಕೊಂಡಿರ್ತಾರೆ. ತಡ ಆದ್ರೂ ತಡ ಅಂತ ಕಾಣಲ್ಲ. ನೀವ್ಯಾಕೆ ಸೇರಿಸ್ಕೊಂಡಿಲ್ಲ?"

"ಆ ನಿಮಿಷಗಳನ್ನ ನಾನ್ಯಾಕೆ ಕದೀಲಿ? ಜನ ಬೇಗ ಬಂದು ಕಾಯೋ ಬದ್ಲು ಮನೇಲಿ ಇನ್ನೊಂದು ಚೂರು ಮಲಗಲಿ ಬಿಡಿ."

ಈ ಕೆಲಸದಲ್ಲಿ ಅವಳು ಕೇಳದ ಸಬೂಬು ಇರಲಿಲ್ಲ. ಹವಾಮಾನದ ಮೇಲೆ, ಹಕ್ಕಿಯ ಮೇಲೆ, ಪಕ್ಕದ ಕಂಪನಿಯ ಮೇಲೆ. 'ಬರೀರಿ' ಎಂದವನು ಇವನೊಬ್ಬನೇ. ಅವಳು ತಲೆ ಬಗ್ಗಿಸಿ ಬರೆದುಕೊಂಡಳು. ಕೆನ್ನೆ ಬೆಚ್ಚಗಾದದ್ದು ಬಿಸಿಲಿಗೇ ಇರಬೇಕು ಅಂದುಕೊಂಡಳು.

ನಾಲ್ಕು ಹೆಜ್ಜೆ ನಡೆದವಳು ಥಟ್ಟನೆ ನಿಂತಳು. "ತಪ್ಪು ನಂದೇ. ಸಮುದ್ರ ದಾಟೋರನ್ನೂ ನಿಮ್ಮನ್ನೂ ಒಂದೇ ತಕ್ಕಡೀಲಿ ಹಾಕಿದೀನಿ. ನಿಮ್ಮ ಇಂಧನ ಎಲ್ಲ ಮೇಲೇರೋದಕ್ಕೇ ಹೋಗತ್ತೆ. ಏರಿ ಉಸಿರು ಬಿಡೋಷ್ಟ್ರಲ್ಲಿ ಇಳೀಬೇಕು. ಅರ್ಧ ದಿನ ನೆಲದ ಮೇಲೇ ಕಳೆಯತ್ತೆ. ಹತ್ತಿರದ ಊರಿಗೆ ಹಾರೋರನ್ನ ಹತ್ತಿರದ ಊರಿಗೆ ಹಾರೋರ ಜೊತೇಲೇ ಹೋಲಿಸ್ಬೇಕು."

ಆತ ಅವಳನ್ನೇ ನೋಡುತ್ತ ನಿಂತುಬಿಟ್ಟ. "ಇದನ್ನ ಹೇಳೋಕೆ ಕನ್ನಡಿ ಮುಂದೆ ನಿಂತು ಭಾಷಣ ಪ್ರಾಕ್ಟೀಸ್ ಮಾಡಿದ್ದೆ. ಎಲ್ಲ ನೀರಲ್ಲಿ ಹೋಮ ಮಾಡ್ಬಿಟ್ರಿ."

"ಭಾಷಣ ಹೇಗೆ ಶುರುವಾಗ್ತಿತ್ತು?"

"'ಮೇಡಂ, ನಿಮಗೇನೂ ಗೊತ್ತಿಲ್ಲ' ಅಂತ." ಆತ ಕಿವಿ ಹಿಡಿದುಕೊಂಡ. ಅವಳು ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ, ನಗು ಅವಳಿಗೇ ಅಪರಿಚಿತವಾಗಿ ಕೇಳಿಸಿತು.

ಆಮೇಲೆ ಫೋನುಗಳು ಶುರುವಾದವು. ಅಂಕಿ ಕೇಳಲು ಅವಳು, ಅಂಕಿ ಕೊಡಲು ಆತ. ಅಂಕಿ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

"ಯಾರಮ್ಮಾ ಅದು?"

"ಆಫೀಸಿಂದು, ಡೇಟಾ."

"ಡೇಟಾಗೆ ಇಷ್ಟೊಂದು ನಗ್ತಾರಾ?" ಎಂದಳು ಚಿನಕುರಳಿ. ಅಂದಿನಿಂದ ಆತ ಮನೆಯಲ್ಲಿ ಡೇಟಾ ಅಂಕಲ್ ಆದ.

ಹೊಸ ಹೋಲಿಕೆಗೆ ಕುಳಿತ ದಿನ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತುಹೋಯಿತು. ಅಜ್ಜಿಗಾಗಿ ಕಾದ ವಿಮಾನ. ಇದೊಂದನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಹಾಗನ್ನಿಸಿದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದೆಗೆದುಕೊಂಡಳು. ಇಷ್ಟು ವರ್ಷ ಯಾರ ಕಡೆಗೂ ವಾಲದ ಕೈ ಅದು. ಆತ ತನ್ನ ತಪ್ಪನ್ನು ತಾನೇ ಬರೆಸಿದ್ದ. ಈಗ ಅವಳು ಅದನ್ನು ಅಳಿಸಹೊರಟರೆ ಆತನಿಗೂ ಅವಮಾನ.

ಮರುದಿನ ಸ್ಕೂಲಿಗೆ ರಜೆ. ಮಗಳನ್ನೂ ಕರೆದುಕೊಂಡೇ ಮೇಲಧಿಕಾರಿಯ ಕೋಣೆಗೆ ಹೋದಳು. ಕೂದಲು ಪೂರ್ತಿ ನರೆತ ಆ ಹೆಂಗಸು ಚಿನಕುರಳಿಗೆ ಬಿಸ್ಕೆಟ್ಟು, ಬಣ್ಣದ ಪೆನ್ಸಿಲ್ಲು ಕೊಟ್ಟು ಮೂಲೆಯಲ್ಲಿ ಕೂರಿಸಿದರು.

"ಈ ಕಂಪನೀನ ಬೇರೆ ಯಾರಿಗಾದ್ರೂ ಕೊಟ್ಬಿಡಿ. ನನ್ನ ಹತ್ರ ಬೇಡ."

"ಯಾಕೆ? ಆ ಮ್ಯಾನೇಜರ್ ಜಗಳಕ್ಕೆ ಬಂದನಾ?"

"ಜಗಳಕ್ಕೆ ಬಂದಿದ್ರೆ ನಾನೇ ಮಾಡ್ತಿದ್ದೆ."

ಮೇಲಧಿಕಾರಿಯ ಕನ್ನಡಕ ಮೂಗಿನ ತುದಿಗೆ ಜಾರಿತು. "ಓಹೋ."

"ನಂಗೆ ಅವರು ಇಷ್ಟ ಆಗಿದ್ದಾರೆ. ಇಷ್ಟ ಆದವರನ್ನ ಅಳೆಯೋಕೆ ನನ್ನಿಂದಾಗಲ್ಲ."

"ಅವನಿಗೆ ಹೇಳಿದ್ಯಾ?"

"ಇಲ್ಲ. ಹೇಳೋದೂ ಇಲ್ಲ." ಮಗಳ ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮನೆ ಇಬ್ಬರಿಗೆ ಹೊಂದಿಕೊಂಡಿತ್ತು. ಇನ್ನೊಬ್ಬರು ಬಂದು, ಅವರೂ ಹೊರಟುಹೋದರೆ, ಮಗಳನ್ನು ಹೇಗೆ ಸಮಾಧಾನ ಮಾಡುವುದು?

"ಹುಚ್ಚಿ," ಎಂದರು ಮೇಲಧಿಕಾರಿ. ಆ ಮಾತಿನಲ್ಲಿ ಬೈಗುಳಕ್ಕಿಂತ ಮೆಚ್ಚುಗೆಯೇ ಹೆಚ್ಚಿತ್ತು. ಮೂಲೆಯಲ್ಲಿ ಪೆನ್ಸಿಲ್ಲಿನ ಸದ್ದು ನಿಂತಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಫೋನುಗಳು ನಿಂತವು. ಆತನಿಗೆ ಅವಳ ಸಹೋದ್ಯೋಗಿ, 'ಇನ್ನು ಮುಂದೆ ನಿಮ್ಮ ಅಂಕಿಯೆಲ್ಲ ನನಗೇ ಕೊಡಿ' ಎಂದಷ್ಟೇ ಹೇಳಿದ್ದ. ಆತ ಎರಡು ಸಲ ಕರೆದ. ಅವಳು ಎತ್ತಲಿಲ್ಲ. ಮನೆ ತುಂಬ ಸದ್ದು ಮಾಡುತ್ತಿದ್ದ ಚಿನಕುರಳಿಯೂ ಏಕೋ ಮೆತ್ತಗಾಗಿದ್ದಳು. ಊಟದ ನಡುವೆ ಏನೋ ಕೇಳಲು ಬಾಯಿ ತೆರೆಯುವಳು, ಅಮ್ಮನ ಮುಖ ನೋಡಿ ತುತ್ತಿನ ಜೊತೆ ನುಂಗಿಕೊಳ್ಳುವಳು.

ಹೋಲಿಕೆ ಪ್ರಕಟವಾಯಿತು. ಹತ್ತಿರದ ಊರುಗಳಿಗೆ ಹಾರುವವರ ಪೈಕಿ ಆತನ ಕಂಪನಿ ಎರಡನೆಯದು. ಆ ಭಾನುವಾರ ಬೆಳಗ್ಗೆ ಅವಳು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಚಿನಕುರಳಿ ಕ್ಲಿಪ್ಪುಗಳ ಬುಟ್ಟಿ ಹಿಡಿದಿದ್ದಳು. ಮೆಟ್ಟಿಲ ಕಡೆಯಿಂದ ಯಾರೋ ಕೆಮ್ಮಿದ ಹಾಗಾಯಿತು.

ಆತನೇ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅವಳ ಸಹೋದ್ಯೋಗಿ ವಿಳಾಸ ಬರೆದುಕೊಟ್ಟ ಚೀಟಿ, ಮೆಟ್ಟಿಲು ಹತ್ತಿದ ಏದುಸಿರು.

"ಎರಡನೇ ಸ್ಥಾನ. ಕಂಗ್ರಾಟ್ಸ್," ಎಂದಳು, ಹಸಿ ಹೊದಿಕೆಯ ಹಿಂದಿನಿಂದಲೇ.

"ಅದಕ್ಕೆ ಬಂದಿಲ್ಲ. ಕೊನೇಲೇ ಕೂರಿಸಿದ್ರೂ ಇವತ್ತು ಬರ್ತಿದ್ದೆ." ಆತನ ದನಿಯಲ್ಲಿ ಹಿಂದಿನ ತುಂಟತನವಿರಲಿಲ್ಲ. "ನನ್ನನ್ನ ಲಗೇಜ್ ಥರ ಬೇರೆಯವರ ಗಾಡಿಗೆ ದಾಟಿಸ್ಬಿಟ್ರಲ್ಲ. ಯಾಕೆ? ನನ್ನಿಂದ ಏನು ತಪ್ಪಾಯ್ತು, ಅದಷ್ಟು ಹೇಳಿ. ಕೇಳ್ಕೊಂಡು ಹೋಗ್ತೀನಿ."

"ತಪ್ಪೇನೂ ಆಗಿಲ್ಲ."

"ಹಾಗಾದ್ರೆ?"

ಗಾಳಿಗೆ ಹೊದಿಕೆ ಅತ್ತ ಸರಿಯಿತು. ಮರೆ ಇಲ್ಲದಾಯಿತು. ಅವಳು ಆತನ ಅಂಗಿಯ ಗುಂಡಿಯನ್ನೇ ನೋಡುತ್ತ ನಿಂತಳು. ಆತ ಕಾದ. ಆಮೇಲೆ ತಲೆಯಾಡಿಸಿ, ಮೆಟ್ಟಿಲ ಕಡೆ ನಿಧಾನಕ್ಕೆ ತಿರುಗಿದ.

ಚಿನಕುರಳಿ ಬುಟ್ಟಿಯನ್ನು ಕೆಳಗಿಟ್ಟಳು. ಆತನ ತೋಳಿನ ತುದಿ ಹಿಡಿದು ನಿಲ್ಲಿಸಿ, ಅಮ್ಮನ ಕಡೆ ಮುಖ ಮಾಡಿ, ಇಷ್ಟು ದಿನ ನುಂಗಿಕೊಂಡಿದ್ದನ್ನು ಒಂದೇ ಉಸಿರಿಗೆ ಕೇಳಿಬಿಟ್ಟಳು:

"ಅಮ್ಮಾ, ಡೇಟಾ ಅಂಕಲ್ ಇಷ್ಟ ಅಂತ ಆಫೀಸಲ್ಲಿ ಹೇಳಿದ್ಯಲ್ಲ, ಅವ್ರಿಗೇ ಯಾಕಮ್ಮಾ ಹೇಳ್ತಿಲ್ಲ?"