ದಡದ ಕರೆಂಟು

ಮೂರನೆಯ ಸಲ ಅವನು ಬಂದಾಗಲೂ ಫ್ರಿಜ್ ಹಾಯಾಗಿ ಓಡುತ್ತಿತ್ತು.

ಸೀಟಿನ ಕೆಳಗಿನ ಗೂಡಿಗೆ ತಲೆ ಹಾಕಿ, ಕಂಪ್ರೆಸರಿನ ಮೇಲೆ ಅಂಗೈ ಇಟ್ಟು, ನಾಡಿ ನೋಡುವವನ ಹಾಗೆ ಅವನು ಬಹಳ ಹೊತ್ತು ಮಲಗಿದ್ದ. ನೀರಿನಿಂದ ಪುಟಿದ ಬೆಳಕು ದೋಣಿಯ ಒಳಮಾಡಿನ ಮೇಲೆ ಬಲೆಯಂತೆ ಹರಡಿಕೊಂಡು, ಆಗಾಗ ಅವನ ಕತ್ತಿನ ಮೇಲೆ ಜಾರುತ್ತಿತ್ತು. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಅದರ ಅಗತ್ಯವೇನೂ ಇರಲಿಲ್ಲ. ದೀಪ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು.

"ಓಡ್ತಾನೇ ಇದೆಯಲ್ಲ."

"ನೀವು ಹೋದ್ಮೇಲೆ ನಿಲ್ಲುತ್ತೆ," ಎಂದೆ.

ಅಡುಗೆ ಮೂಲೆಯಿಂದ ಅತ್ತೆ ಇಣುಕಿದರು. "ನಿನ್ನ ಮುಖ ಕಂಡ್ರೆ ಮಾತ್ರ ಓಡುತ್ತೆ ಕಣಪ್ಪ ಅದು. ಹೀಗಾದ್ರೆ ನಿನ್ನನ್ನೇ ಇಲ್ಲಿ ಕಟ್ಟಿಹಾಕ್ಬೇಕಾಗುತ್ತೆ."

ಅವನ ಕಿವಿಗಳು ಕೆಂಪಾದವು. ನನ್ನವು ಏನಾದವೋ, ನೋಡಿದವರು ಅತ್ತೆ ಒಬ್ಬರೇ.

ಅತ್ತೆ, ಅಂದರೆ ನಮ್ಮಪ್ಪನ ತಂಗಿ, ನರ್ಸ್. ತಿಂಗಳಿಗೊಮ್ಮೆ ಈ ದೋಣಿಯಲ್ಲಿ ಮಕ್ಕಳ ಲಸಿಕೆ ತುಂಬಿಕೊಂಡು ಆರು ದ್ವೀಪಗಳನ್ನು ಸುತ್ತುತ್ತಾರೆ. ದೋಣಿ ನಡೆಸುವುದು ಮತ್ತು ದಾಖಲೆ ಬರೆಯುವುದು ನನ್ನ ಪಾಲು. ತತ್ವಶಾಸ್ತ್ರ ಓದಿದವಳಿಗೆ ಕೊನೆಗೂ ತಕ್ಕ ಕೆಲಸ ಸಿಕ್ಕಿತು ಎಂದು ಮನೆಯಲ್ಲಿ ನಗುತ್ತಾರೆ. ನನಗಂತೂ ಇಷ್ಟ. ಚುಕ್ಕಾಣಿ ಹಿಡಿದವರನ್ನು ಯಾರೂ ಮಾತಾಡು ಎಂದು ಪೀಡಿಸುವುದಿಲ್ಲ. ಆದರೆ ಈ ಸಲ ಫ್ರಿಜ್ ಕೈಕೊಟ್ಟಿತ್ತು. ಲಸಿಕೆಯ ಡಬ್ಬಗಳು ಬಂದರಿನ ಆಸ್ಪತ್ರೆಯಲ್ಲಿ ಕೂತಿದ್ದವು, ನಾವು ಇಲ್ಲಿ.

ಅವನು ದೋಣಿಗಳ ವೈರಿಂಗ್ ನೋಡುವವನು. ಕೊರಳಲ್ಲಿ ಸದಾ ಮೀಟರ್ ನೇತಾಡುವುದರಿಂದ ಬಂದರಿಗೆಲ್ಲ ಮೀಟರಣ್ಣ. ನಾನು ಮಾತ್ರ ಆ ಅಣ್ಣನನ್ನು ನುಂಗಿಬಿಡುತ್ತಿದ್ದೆ. ಊರಿಗೆಲ್ಲ ಅಣ್ಣನಾದವನು ನಿನಗೊಬ್ಬಳಿಗೆ ಯಾಕೆ ಬರೀ ಮೀಟರ್ ಎಂದು ಅತ್ತೆ ಎರಡನೆಯ ದಿನವೇ ಕೇಳಿದ್ದರು. ಹೆಸರು ಉದ್ದವಾಯಿತು ಎಂದಿದ್ದೆ.

ಮೊದಲ ದಿನ ಅವನು ಧೂಳು ತೆಗೆದ. ಎರಡನೆಯ ದಿನ ಥರ್ಮೋಸ್ಟಾಟ್ ಬದಲಿಸಿದ. ಪ್ರತಿ ಸಲವೂ ಬಾಗಿಲು ಮುಚ್ಚಿ, ಎದುರು ಸೀಟಿನಲ್ಲಿ ಕೂತು, ಬಾಗಿಲ ಮೇಲಿನ ತಾಪಮಾಪಕದ ಮುಳ್ಳು ನಾಲ್ಕು ಡಿಗ್ರಿಗೆ ಇಳಿಯುವವರೆಗೆ ಕಾಯುತ್ತಿದ್ದ. ಆ ಕಾಯುವಿಕೆಯಲ್ಲಿ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಮುಳ್ಳನ್ನು ನೋಡುವ ನೆಪದಲ್ಲಿ ಅದರ ಗಾಜಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಸಿಕ್ಕಿಬಿದ್ದಾಗ ಅವನು ತುಟಿಯ ಒಂದೇ ಬದಿಯಿಂದ ನಗುತ್ತಿದ್ದ.

ಒಮ್ಮೆ ಮಾತ್ರ, ತನಗೇ ಹೇಳಿಕೊಳ್ಳುವಂತೆ, "ಇದು ಚೆನ್ನಾಗಿ ಓಡುವಾಗ ಪಕ್ಕದ ಕೋಣೇಲಿ ಯಾರೋ ನಿದ್ದೆ ಮಾಡ್ತಿರೋ ಹಾಗೆ ಕೇಳುತ್ತೆ. ಮನೇಲಿ ಯಾರೋ ಇದಾರೆ ಅನ್ಸುತ್ತೆ," ಎಂದ. ಅವನ ಮನೆಯಲ್ಲಿ ಯಾರೂ ಇಲ್ಲವೆಂದು ನನಗೆ ತಿಳಿದದ್ದು ಹಾಗೆ.

ಅವನು ಹೋದ ಮೇಲೆ, ಸಂಜೆಯ ಹೊತ್ತಿಗೆ, ಮುಳ್ಳು ಹದಿನೆಂಟಕ್ಕೆ ಏರಿರುತ್ತಿತ್ತು. ಒಂದು ಪೆಟ್ಟಿಗೆ ಮೀಟರಣ್ಣನಿಗೆ ನೀರು ಕುಡಿಸಿತು ಎಂದು ಕಟ್ಟೆಯ ಮೇಲೆ ಬಲೆ ಹೆಣೆಯುವವರು ಆಡಿಕೊಳ್ಳತೊಡಗಿದರು. ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ.

ಬುಧವಾರ ಅವನು ಹೋದ ಬೆನ್ನಿಗೇ, ಕೈಯಲ್ಲಿ ದಡದ ಕೇಬಲ್ ಹಿಡಿದಿದ್ದಾಗ, ನನಗೆ ಹೊಳೆಯಿತು.

ಕಟ್ಟೆಯ ತುದಿಯಲ್ಲಿ ಅವನು ಕಂಡೊಡನೆ ನಾನು ಓಡಿಹೋಗಿ ಆ ಕೇಬಲನ್ನು ಕಟ್ಟೆಯ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದೆ. ಗೂಡಿನೊಳಗೆ ಕತ್ತಲು, ಸೆಕೆ. ಅವನಿಗೆ ದೀಪ ಬೇಕು, ಗಾಳಿ ಬೇಕು. ಅವನು ಹೋದೊಡನೆ ಕಿತ್ತುಬಿಡುತ್ತಿದ್ದೆ. ದ್ವೀಪಗಳಲ್ಲಿ ಕರೆಂಟಿಲ್ಲ, ದೋಣಿ ಬ್ಯಾಟರಿಯಲ್ಲೇ ಬದುಕಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ಆದರೆ ಕೇಬಲ್ ಸಿಕ್ಕಿಸಿದರೆ ಎಂಜಿನ್ ಪಕ್ಕದ ಚಾರ್ಜರ್ ತಾನಾಗಿ ಶುರುವಾಗುತ್ತದೆ. ಫ್ರಿಜ್ ಓಡುತ್ತಿದ್ದದ್ದು ಅದರ ಬಲದಿಂದ. ಸಿಕ್ಕಿಸಿ ನೋಡಿದೆ, ಓಡಿತು. ಕಿತ್ತೆ. ಸ್ವಲ್ಪ ಹೊತ್ತಿಗೆ ಟಕ್ ಎಂದು ನಿಂತು, ಸಣ್ಣ ಕೆಂಪು ದೀಪ ಕಣ್ಣು ಹೊಡೆಯಿತು.

ಕಟ್ಟೆಯ ತುದಿಯಲ್ಲಿ ಅವನಿನ್ನೂ ಕಾಣಿಸುತ್ತಿದ್ದ. ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಫ್ರಿಜ್ ಸರಿಯಾದರೆ ಮರುದಿನವೇ ದೋಣಿ ಹೊರಡುತ್ತದೆ. ಅವನು ಬಂದರಿನಲ್ಲಿ ಉಳಿಯುತ್ತಾನೆ.

ಗುರುವಾರ ಅವನು ಫ್ರಿಜ್ಜಿಗೊಂದು ಹೊಸ ಫ್ಯಾನ್ ತಂದ. ನಾನು, ಗೊತ್ತಿದ್ದೂ, ಕೇಬಲ್ ಸಿಕ್ಕಿಸಿದೆ. ಸ್ಕ್ರೂಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕುತ್ತಾ, ಹಿಂತೆಗೆದುಕೊಳ್ಳುತ್ತಾ, ಅವನು ಆ ದಿನ ಎರಡು ಸಲ ನಕ್ಕ. ಅಷ್ಟು ಸುಖವಾದ, ಅಷ್ಟು ನಾಚಿಕೆಗೇಡಿನ ಮಧ್ಯಾಹ್ನವನ್ನು ನಾನು ಕಂಡಿಲ್ಲ.

ಸಂಜೆ ಅತ್ತೆ ಫೋನಿನಲ್ಲಿ ಯಾವುದೋ ತಾಯಿಗೆ ಸಮಾಧಾನ ಹೇಳುತ್ತಿದ್ದರು. ಕೂಸಿನ ಸೂಜಿಯ ದಿನ ದಾಟಿತ್ತು. ಇನ್ನೆರಡು ದಿನ ತಡಿ ತಾಯಿ ಎನ್ನುತ್ತಿದ್ದ ಅತ್ತೆಯ ದನಿ ದಣಿದಿತ್ತು. ನನಗೆ ಅನ್ನ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಚೀಲವಿಲ್ಲದೆ ಬಂದ. ದೋಣಿ ಹತ್ತಲಿಲ್ಲ.

"ಸಿಸ್ಟರ್‌ಗೆ ಹೇಳ್ಬಿಡಿ. ಬೇರೆ ಯಾರನ್ನಾದ್ರೂ ಕರೆಸ್ಲಿ. ನನ್ನ ಕೈಲಿ ಆಗ್ತಿಲ್ಲ."

ಅವನ ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ಹೀಗೆ ಹೇಳಿ ಅವನಿಗೆ ರೂಢಿಯಿಲ್ಲ ಎಂಬುದು ಅವನು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

"ಒಳಗೆ ಬನ್ನಿ," ಎಂದೆ.

ಆ ದಿನ ಕೇಬಲ್ ಸಿಕ್ಕಿಸಿರಲಿಲ್ಲ. ಅರೆಗತ್ತಲಲ್ಲಿ ಇಬ್ಬರೂ ಮಂಡಿಯೂರಿ ಕೂತೆವು. ಕಂಪ್ರೆಸರ್ ಒಂದು ಕ್ಷಣ ಗುಂಯ್ ಎಂದು ನಿಂತಿತು. ಒಂದು ನಿಮಿಷದ ಮೇಲೆ ಮತ್ತೆ ಗುಂಯ್, ಮತ್ತೆ ಮೌನ. ಕೆಂಪು ದೀಪ ಮಿಟುಕಿತು. ಅವನು ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದ: ಹನ್ನೆರಡೂವರೆ ವೋಲ್ಟ್. ಫ್ರಿಜ್ಜಿನ ತುದಿಗೆ ಮುಟ್ಟಿಸಿ ಕಾದ. ಅದು ಏಳಲು ಹೆಣಗಿದ ಗಳಿಗೆಯಲ್ಲಿ ಅಂಕಿ ಹತ್ತಕ್ಕೆ ಕುಸಿಯಿತು.

"ಶಕ್ತಿಯೆಲ್ಲ ದಾರೀಲೇ ಸೋರಿಹೋಗ್ತಿದೆ," ಎಂದ ಮೆಲ್ಲಗೆ. "ನಾನು ನೋಡ್ದಾಗೆಲ್ಲ ಹದಿಮೂರರ ಮೇಲಿತ್ತು. ನೀವು ಎಂಜಿನ್ ಓಡಿಸಿರ್ತೀರ ಅಂದ್ಕೊಂಡೆ. ಕೇಳ್ಬೇಕಿತ್ತು."

ಕೇಬಲಿನ ಕಥೆ ಹೇಳಿದೆ. ನಾನು ಹೇಳದ, ಅವನು ಕೇಳದ ಒಂದೇ ಒಂದು ಮಾತು ಐದು ದಿನ ತಿಂದಿತ್ತು. ಅವನು ತಪ್ಪನ್ನು ತನ್ನ ತಲೆಗೇ ಕಟ್ಟಿಕೊಳ್ಳುತ್ತಿದ್ದ. ಅಲ್ಲಿಗೇ ಬಿಟ್ಟಿದ್ದರೆ ನಾನು ಪಾರಾಗುತ್ತಿದ್ದೆ.

"ನಂಗೆ ಮೊನ್ನೆಯೇ ಗೊತ್ತಾಗಿತ್ತು," ಎಂದೆ. "ನಿನ್ನೆ ಬೇಕಂತಲೇ ಸಿಕ್ಕಿಸ್ದೆ."

"ಯಾಕೆ?"

"ಇದು ಸರಿಹೋದ್ರೆ ನಾವು ಹೊರಟುಬಿಡ್ತೀವಿ."

ಅವನು ನನ್ನನ್ನು ನೋಡಿದ, ಗಾಜಿನ ಮೂಲಕವಲ್ಲ, ನೇರವಾಗಿ. ಎದ್ದು ಹೋದ. ಮತ್ತೆ ಬರುವುದಿಲ್ಲವೆಂದೇ ಎಣಿಸಿದ್ದೆ. ಚೀಲ, ದಪ್ಪ ತಂತಿಯ ಸುರುಳಿ ಹೊತ್ತು ಬಂದ.

ಹಲಗೆ ಬಿಚ್ಚಿದರೆ ಒಳಗೆ ದಾರದಂಥ ತಂತಿ, ಉಪ್ಪು ತಿಂದು ಹಸಿರುಗಟ್ಟಿದ ಒಂದು ಜಾಯಿಂಟು. ಎರಡನ್ನೂ ಕಿತ್ತೆಸೆದು ಹೊಸ ತಂತಿ ಎಳೆದ. ನಾನು ಟಾರ್ಚ್ ಹಿಡಿದೆ. ಒಂದು ಗಂಟೆ ಕಾಲ ಅವನು ಸ್ಕ್ರೂಗಳನ್ನು ನನ್ನ ಅಂಗೈಗೆ ಹಾಕದೆ ನೆಲದ ಮೇಲೆ ಇಟ್ಟುಕೊಂಡ.

ಕಂಪ್ರೆಸರ್ ಎದ್ದಿತು, ನಿಲ್ಲಲಿಲ್ಲ.

"ಮೊನ್ನೆಯೇ ಹೇಳಿದ್ರೆ ಆ ಮಕ್ಕಳಿಗೆ ಮೊದಲೇ ಸೂಜಿ ಸಿಕ್ತಿತ್ತು," ಎಂದ ಮೀಟರ್ ನೋಡುತ್ತಲೇ. "ಜನ ನಗೋದು ಹಾಗಿರ್ಲಿ."

"ಹೌದು," ಎಂದೆ.

ಮಾರನೆಯ ಬೆಳಿಗ್ಗೆ ಫ್ರಿಜ್ ನಾಲ್ಕರಲ್ಲೇ ಇತ್ತು. ಅತ್ತೆ ಹೊರಡುವ ಸಡಗರದಲ್ಲಿದ್ದರು. ನಾನು ಹಿಂದಿನ ಹಗ್ಗದ ಬಳಿ ಬಗ್ಗಿದ್ದಾಗ ಅವನು ಕಟ್ಟೆಯ ಮೇಲೆ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ. ನನ್ನತ್ತ ನೋಡದೆ ಅತ್ತೆಯನ್ನು ಕೇಳಿದ.

"ಸಿಸ್ಟರ್, ಈ ಸುತ್ತು ನಾನೂ ಬರ್ಲಾ?"

ಅತ್ತೆ ಕನ್ನಡಕದ ಮೇಲಿಂದ ಅವನನ್ನು ಅಳೆದರು. "ಫ್ರಿಜ್ ನೋಡ್ಕೊಳ್ಳೋಕಾ?"

ಅವನಿಗೆ ಹೌದೆನ್ನುವುದು ಎಷ್ಟು ಸುಲಭವಿತ್ತು.

"ಅಲ್ಲ," ಎಂದ.

ನನ್ನ ಕೈಯಲ್ಲಿ ಹಗ್ಗ ಹಾಗೇ ಉಳಿಯಿತು. ಅತ್ತೆ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಆಸ್ಪತ್ರೆಯ ದಾರಿಯತ್ತ ಗಲ್ಲ ಎತ್ತಿ ತೋರಿಸಿದರು.

"ಹಾಗಾದ್ರೆ ನಿಂತ್ಕೊಂಡು ಏನ್ಮಾಡ್ತೀಯಪ್ಪ? ಡಬ್ಬಗಳು ಅಲ್ಲಿವೆ. ಇಬ್ಬರೂ ಹೋಗಿ ಎತ್ಕೊಂಡು ಬನ್ನಿ."